ಕ್ಲೌಡ್ ಖಾತೆ: ಮೊದಲು ಬೀಗ, ಆಮೇಲೆ ಯಂತ್ರ

ಈ ಸಂಚಿಕೆಗಾಗಿ ಆಯ್ದ ಪತ್ರಗಳೆಲ್ಲವೂ ಮೊದಲ ಬಾರಿಗೆ ಕ್ಲೌಡ್ ಖಾತೆ ತೆರೆಯುವವರು ಅಥವಾ ಈಗಷ್ಟೇ ತೆರೆದವರು ಬರೆದವು. ಓದುಗರ ಹೆಸರುಗಳನ್ನು ಬಿಟ್ಟು ಪ್ರಶ್ನೆಗಳನ್ನಷ್ಟೇ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಾನು ಪದವಿಯ ಅಂತಿಮ ವರ್ಷದ ವಿದ್ಯಾರ್ಥಿನಿ. ಕ್ಲೌಡ್ ಕಂಪ್ಯೂಟಿಂಗ್ ಕಲಿಯೋಣವೆಂದು ಖಾತೆ ತೆರೆಯಲು ಹೋದರೆ, ‘ಉಚಿತ’ ಎಂದು ಬರೆದಿರುವ ಕಡೆಯಲ್ಲೇ ಕಾರ್ಡಿನ ವಿವರವನ್ನೂ ಕೇಳುತ್ತಾರೆ. ಉಚಿತವಾದರೆ ಕಾರ್ಡ್ ಏಕೆ ಬೇಕು? ಹಣ ಕಡಿತವಾಗುವ ಭಯವಿದೆ. ಯಾವ ಸಂಸ್ಥೆಯನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಭಯ ಅಕಾರಣವಲ್ಲ. ಆದರೆ ಅದು ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ತಿಳಿದುಕೊಂಡರೆ ಧೈರ್ಯವಾಗಿ ಮುಂದುವರಿಯಬಹುದು. ಕ್ಲೌಡ್ ಎಂದರೆ ಸಂಸ್ಥೆಯೊಂದರ ಕಂಪ್ಯೂಟರ್, ಡಿಸ್ಕ್ ಮುಂತಾದವನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವುದು, ಅದು ಅಳೆದು ಕೊಡುವ ಸೇವೆ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿ ಕ್ಲೌಡ್‌ಗೆ ಐದು ಮುಖ್ಯ ಲಕ್ಷಣಗಳನ್ನು ಹೇಳಲಾಗಿದೆ. ಬಳಕೆದಾರರು ಯಾರ ಅನುಮತಿಗೂ ಕಾಯದೆ ತಮಗೆ ಬೇಕಾದುದನ್ನು ತಾವೇ ಪಡೆಯಬಹುದು ಎಂಬುದು ಅವುಗಳಲ್ಲಿ ಒಂದು, ಬಳಸಿದ್ದೆಲ್ಲವೂ ಅಳತೆಗೆ ಒಳಪಡುತ್ತದೆ ಎಂಬುದು ಇನ್ನೊಂದು. ಈ ಎರಡನ್ನು ಜೊತೆಯಲ್ಲಿಟ್ಟು ಯೋಚಿಸಿ. ನೀವು ಗುಂಡಿ ಒತ್ತಿದ ಒಂದೆರಡು ನಿಮಿಷಗಳಲ್ಲಿ ಯಂತ್ರ, ಎಂದರೆ ಬಾಡಿಗೆಯ ಕಂಪ್ಯೂಟರ್, ಸಿದ್ಧವಾಗುತ್ತದೆ, ಆ ಹೊತ್ತಿನಿಂದಲೇ ಮೀಟರ್ ಓಡತೊಡಗುತ್ತದೆ, ‘ಇದು ನಿಜವಾಗಿಯೂ ಬೇಕೇ’ ಎಂದು ತಡೆದು ಕೇಳುವವರು ನಡುವೆ ಯಾರೂ ಇರುವುದಿಲ್ಲ. ಆದ್ದರಿಂದ ಆ ಕೇಳುವ ಕೆಲಸವನ್ನು ಖಾತೆ ತೆರೆಯುವ ದಿನವೇ ನೀವು ವಹಿಸಿಕೊಳ್ಳಬೇಕಾಗುತ್ತದೆ.

ಕಾರ್ಡ್ ಕೇಳುವುದಕ್ಕೆ ಎರಡು ಕಾರಣಗಳಿವೆ. ಉಚಿತ ಮಿತಿ ದಾಟಿದ ಬಳಕೆಗೆ ಹಣ ಪಡೆಯಲು ದಾರಿ ಇರಬೇಕೆಂಬುದು ಒಂದು. ಖಾತೆ ತೆರೆಯುತ್ತಿರುವವರು ನಿಜವಾದ ವ್ಯಕ್ತಿ ಎಂದು ದೃಢಪಡಿಸಿಕೊಳ್ಳುವುದು ಎರಡನೆಯದು. ಉಚಿತ ಯಂತ್ರಗಳ ಆಸೆಗೆ ಒಬ್ಬರೇ ನೂರಾರು ಸುಳ್ಳು ಖಾತೆ ತೆರೆದು, ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಗೆ ಬಳಸುವುದು ಈ ಕ್ಷೇತ್ರದ ಹಳೆಯ ಪೀಡೆ. ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡಲು ಒಂದು ಡಾಲರಿನಷ್ಟು ಸಣ್ಣ ಮೊತ್ತವನ್ನು ತಾತ್ಕಾಲಿಕವಾಗಿ ತಡೆಹಿಡಿದು, ಕೆಲವು ದಿನಗಳಲ್ಲಿ ಬಿಟ್ಟುಕೊಡುವುದು ವಾಡಿಕೆ. ಆ ಸಂದೇಶ ಬಂದರೆ ಗಾಬರಿಯಾಗಬೇಡಿ.

ಇನ್ನು ‘ಉಚಿತ’ ಎಂಬ ಪದದ ಅರ್ಥ. ಒಂದೇ ಪದ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಹೊತ್ತಿರುವುದರಿಂದ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೊದಲನೆಯದು, ಇಂತಿಷ್ಟು ದಿನಗಳೊಳಗೆ ಖರ್ಚು ಮಾಡಬೇಕಾದ ಕ್ರೆಡಿಟ್ ಮೊತ್ತ. ಗೂಗಲ್ ಕ್ಲೌಡ್ ಹೊಸಬರಿಗೆ 90 ದಿನಗಳ ಅವಧಿಗೆ 300 ಡಾಲರ್, ಮೈಕ್ರೋಸಾಫ್ಟ್‌ನ ಅಜೂರ್ 30 ದಿನಗಳ ಅವಧಿಗೆ 200 ಡಾಲರ್ ಕೊಡುತ್ತಾ ಬಂದಿವೆ. ಎರಡನೆಯದು, ನಿಗದಿತ ತಿಂಗಳುಗಳವರೆಗೆ ಕೆಲವು ಸೇವೆಗಳು ಮಿತಿಯೊಳಗೆ ಉಚಿತವಾಗಿರುವುದು. ಅಜೂರ್‌ನಲ್ಲಿ ಕೆಲವು ಚಿಕ್ಕ ಯಂತ್ರಗಳು 12 ತಿಂಗಳ ಕಾಲ, ತಿಂಗಳಿಗೆ 750 ಗಂಟೆ ಉಚಿತ. 31 ದಿನಗಳ ತಿಂಗಳಿನಲ್ಲಿ ಇರುವುದು 744 ಗಂಟೆಗಳು, ಅಂದರೆ ಒಂದು ಯಂತ್ರವನ್ನು ಹಗಲಿರುಳೂ ಓಡಿಸಬಹುದು. ಅದೇ ಬಗೆಯ ಎರಡನ್ನು ಓಡಿಸಿದರೆ ಉಚಿತ ಗಂಟೆಗಳು ಹದಿನೈದು ದಿನಕ್ಕೇ ಮುಗಿದುಹೋಗುತ್ತವೆ. ಮೂರನೆಯದು, ಅವಧಿಯ ಕಟ್ಟಿಲ್ಲದೆ ಪ್ರತಿ ತಿಂಗಳೂ ದೊರೆಯುವ ಸಣ್ಣ ಪ್ರಮಾಣ. ಅಮೆಜಾನ್ ವೆಬ್ ಸರ್ವಿಸಸ್‌ನ ಕರೆದಾಗ ಮಾತ್ರ ನಿಮ್ಮ ಪ್ರೋಗ್ರಾಮ್ ಓಡಿಸುವ ಲ್ಯಾಂಬ್ಡಾ ಸೇವೆಯಲ್ಲಿ ತಿಂಗಳಿಗೆ ಹತ್ತು ಲಕ್ಷ ಕರೆಗಳು ಉಚಿತವಾಗಿರುವುದು ಇದಕ್ಕೆ ಉದಾಹರಣೆ.

ಅಮೆಜಾನ್ ತನ್ನ ಪದ್ಧತಿಯನ್ನು 2025ರ ಜುಲೈ 15ರಿಂದ ಬದಲಿಸಿದೆ. ಅಂದಿನಿಂದ ಖಾತೆ ತೆರೆಯುವವರು ಉಚಿತ ಯೋಜನೆ, ಪಾವತಿ ಯೋಜನೆ ಎಂಬ ಎರಡರಲ್ಲಿ ಒಂದನ್ನು ನೋಂದಣಿಯ ಸಮಯದಲ್ಲೇ ಆರಿಸಿಕೊಳ್ಳಬೇಕು. ನೋಂದಣಿಯಾದ ಕೂಡಲೇ 100 ಡಾಲರ್, ಕೆಲವು ಸೇವೆಗಳನ್ನು ಬಳಸಿ ನೋಡಿದರೆ ಇನ್ನೂ 100 ಡಾಲರ್‌ವರೆಗೆ ಕ್ರೆಡಿಟ್ ಸಿಗುತ್ತದೆ. ಉಚಿತ ಯೋಜನೆ ಆರು ತಿಂಗಳು ಕಳೆದಾಗ ಅಥವಾ ಕ್ರೆಡಿಟ್ ತೀರಿದಾಗ, ಯಾವುದು ಮೊದಲೋ ಆಗ ಕೊನೆಗೊಳ್ಳುತ್ತದೆ. ನೀವಾಗಿಯೇ ಪಾವತಿ ಯೋಜನೆಗೆ ಬದಲಾಗದ ಹೊರತು ಶುಲ್ಕ ಬೀಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳಲ್ಲಿ ಬಹಳಷ್ಟು ಈ ಬದಲಾವಣೆಗೆ ಮೊದಲಿನವು, ಅವುಗಳಲ್ಲಿ ‘ಹನ್ನೆರಡು ತಿಂಗಳು ಉಚಿತ’ ಎಂದೇ ಇರುತ್ತದೆ. ನೀವು ನೋಂದಾಯಿಸುವ ದಿನ ಆಯಾ ಸಂಸ್ಥೆಯ ಅಧಿಕೃತ ಪುಟ ಏನು ಹೇಳುತ್ತದೆಯೋ ಅದನ್ನೇ ನಂಬಿ.

ಯಾವ ಸಂಸ್ಥೆ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ನಿಮ್ಮ ಅಧ್ಯಾಪಕರಾಗಲಿ, ಗೆಳತಿಯರಾಗಲಿ ಯಾವುದನ್ನು ಬಳಸುತ್ತಿದ್ದಾರೋ ಅದನ್ನೇ ಆರಿಸಿಕೊಳ್ಳಿ, ಏಕೆಂದರೆ ಸಿಕ್ಕಿಬಿದ್ದಾಗ ಕೇಳಲು ಒಬ್ಬರಿರುವುದು ನೂರು ಡಾಲರ್ ಹೆಚ್ಚುವರಿ ಕ್ರೆಡಿಟ್‌ಗಿಂತ ದೊಡ್ಡ ಸಹಾಯ. ಯಂತ್ರ, ಡಿಸ್ಕ್, ಜಾಲ, ಅನುಮತಿ ಎಂಬ ಮೂಲ ಕಲ್ಪನೆಗಳು ಎಲ್ಲೆಡೆಯೂ ಒಂದೇ, ಬದಲಾಗುವುದು ಹೆಸರುಗಳು ಮಾತ್ರ. ವಿದ್ಯಾರ್ಥಿಯಾದ ನೀವು ಅಜೂರ್‌ನ ವಿದ್ಯಾರ್ಥಿ ಖಾತೆಯನ್ನು ಮೊದಲು ವಿಚಾರಿಸಿ. ಶಿಕ್ಷಣ ಸಂಸ್ಥೆ ಕೊಟ್ಟ ಇಮೇಲ್ ಇದ್ದು ಅರ್ಹತೆ ದೃಢಪಟ್ಟರೆ ಅದಕ್ಕೆ ಕಾರ್ಡ್ ಬೇಕಾಗುವುದಿಲ್ಲ.

ಪ್ರಶ್ನೆ: ಖಾತೆ ತೆರೆದಾಗಿದೆ. ಈಗ ಎದುರಿಗೆ ನೂರಾರು ಸೇವೆಗಳ ಪಟ್ಟಿ ಕಾಣುತ್ತಿದೆ. ಮೊದಲು ಏನು ಮಾಡಬೇಕು? ನಾವು ಮೂವರು ಗೆಳೆಯರು ಒಂದು ಯೋಜನೆ ಮಾಡುತ್ತಿರುವುದರಿಂದ ಪಾಸ್‌ವರ್ಡನ್ನು ಮೂವರೂ ಹಂಚಿಕೊಂಡಿದ್ದೇವೆ.

ಉತ್ತರ: ಪಾಸ್‌ವರ್ಡ್ ಹಂಚಿಕೊಂಡಿರುವುದನ್ನು ಇಂದೇ ಸರಿಪಡಿಸಿ, ಉಳಿದದ್ದು ಆಮೇಲೆ. ಅಮೆಜಾನ್‌ನಲ್ಲಿ ಖಾತೆ ತೆರೆದ ಇಮೇಲ್‌ನಿಂದ ಪ್ರವೇಶಿಸುವವರನ್ನು ರೂಟ್ ಬಳಕೆದಾರ ಎನ್ನುತ್ತಾರೆ. ಖಾತೆಯನ್ನೇ ಮುಚ್ಚುವುದು, ಖಾತೆಯ ಇಮೇಲ್ ಬದಲಿಸುವುದು ಮುಂತಾಗಿ ಅವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ. ಮೂವರೂ ಅದೇ ಹೆಸರಿನಲ್ಲಿ ಒಳಗೆ ಬಂದರೆ ಯಾವ ಯಂತ್ರವನ್ನು ಯಾರು ತೆರೆದರೆಂದು ದಾಖಲೆಯಲ್ಲಿ ತಿಳಿಯುವುದಿಲ್ಲ, ಒಬ್ಬರ ಮೊಬೈಲ್ ಕಳೆದರೂ ಮೂವರ ಕೆಲಸಕ್ಕೂ ಅಪಾಯ.

ಪಾಸ್‌ವರ್ಡ್ ಬದಲಿಸಿ, ರೂಟ್ ಬಳಕೆದಾರರಿಗೆ ಎರಡನೆಯ ದೃಢೀಕರಣವನ್ನು, ಎಂದರೆ ಮೊಬೈಲ್ ಆ್ಯಪ್ ಅಥವಾ ಭೌತಿಕ ಕೀ ಮೂಲಕ ಮಾಡುವ ಎಂಎಫ್‌ಎಯನ್ನು ಜೋಡಿಸಿ. ಅನಂತರ ಯಾರಿಗೆ ಯಾವ ಅನುಮತಿ ಎಂದು ನಿರ್ಧರಿಸುವ ಐಎಎಂ ವಿಭಾಗಕ್ಕೆ ಹೋಗಿ ಮೂವರಿಗೂ ಪ್ರತ್ಯೇಕ ಪ್ರವೇಶ ಕೊಟ್ಟು, ದಿನನಿತ್ಯದ ಕೆಲಸಕ್ಕೆ ಅದನ್ನೇ ಬಳಸಿ. ಖಾತೆಗೆ ಕೊಟ್ಟಿರುವ ಇಮೇಲ್ ಇನ್ನು ಕೆಲವು ತಿಂಗಳಲ್ಲಿ ನಿಂತುಹೋಗುವಂಥದ್ದಾಗಿದ್ದರೆ ಅದನ್ನೂ ಈಗಲೇ ಬದಲಿಸಿ. ಪಾಸ್‌ವರ್ಡ್ ಮರೆತ ದಿನ ಆ ಇಮೇಲ್ ಇಲ್ಲದಿದ್ದರೆ ನಿಮ್ಮ ಖಾತೆಗೆ ನೀವೇ ಹೊರಗಿನವರಾಗುತ್ತೀರಿ.

ಇದಾದ ಮೇಲೆ ಬಜೆಟ್ ಎಚ್ಚರಿಕೆ. ಒಂದು ಡಾಲರ್ ಖರ್ಚಾದರೂ ಇಮೇಲ್ ಬರುವಂತೆ ಹೊಂದಿಸಿಕೊಳ್ಳಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಬಜೆಟ್ ಎಂಬ ಹೆಸರನ್ನು ನೋಡಿ, ಆ ಮೊತ್ತ ತಲುಪಿದ ಕೂಡಲೇ ಯಂತ್ರಗಳು ತಾವಾಗಿ ನಿಲ್ಲುತ್ತವೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗೆ ಆಗುವುದಿಲ್ಲ. ಸಾಮಾನ್ಯವಾಗಿ ಅದು ಸುದ್ದಿ ತಿಳಿಸುತ್ತದೆಯೇ ಹೊರತು ಖರ್ಚನ್ನು ತಡೆಯುವುದಿಲ್ಲ, ಆ ಸುದ್ದಿಯೂ ಕೆಲವು ಗಂಟೆ ತಡವಾಗಿ ಬರುತ್ತದೆ. ಹೊಗೆ ಕಂಡರೆ ಕೂಗುವ ಗಂಟೆಗೂ ನೀರು ಸುರಿಯುವವರಿಗೂ ಇರುವ ವ್ಯತ್ಯಾಸ ಇದು, ನೀರು ಸುರಿಯಬೇಕಾದವರು ನೀವೇ. ಆದ್ದರಿಂದ ಎಚ್ಚರಿಕೆಯನ್ನು ಮೂವರ ಇಮೇಲ್‌ಗೂ ಕಳುಹಿಸುವಂತೆ ಮಾಡಿ.

ಇಷ್ಟು ಮಾಡಲು ಒಂದು ಗಂಟೆ ಸಾಕು. ಈ ಒಂದು ಗಂಟೆ ಮುಗಿಯುವವರೆಗೆ ಒಂದು ಯಂತ್ರವನ್ನೂ ತೆರೆಯಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಕಲಿಸುವವರು ಇದನ್ನು ಪಾಠದ ಕೊನೆಗೆ ತಳ್ಳುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: ಅಭ್ಯಾಸಕ್ಕೆಂದು ತೆರೆದ ಯಂತ್ರವನ್ನು ಕೆಲಸ ಮುಗಿದ ಮೇಲೆ ನಿಲ್ಲಿಸಿದ್ದೆ. ಆದರೂ ತಿಂಗಳ ಕೊನೆಯಲ್ಲಿ ಬಿಲ್ ಬಂದಿದೆ. ನಿಲ್ಲಿಸಿದ ಯಂತ್ರಕ್ಕೆ ಹಣ ಏಕೆ?

ಉತ್ತರ: ಪರದೆಯ ಮೇಲೆ ಒಂದೇ ಸಾಲಾಗಿ ಕಾಣುವ ಯಂತ್ರ ನಿಜದಲ್ಲಿ ಹಲವು ವಸ್ತುಗಳ ಜೋಡಣೆ, ಪ್ರತಿಯೊಂದಕ್ಕೂ ಬೇರೆ ಬೇರೆ ಮೀಟರ್ ಇದೆ. ನೀವು ನಿಲ್ಲಿಸಿದ್ದು ಗಣನೆ ಮಾಡುವ ಭಾಗವನ್ನು. ಅದರ ಡಿಸ್ಕ್ ನಿಮ್ಮ ಕಡತಗಳನ್ನು ಹೊತ್ತು ಹಾಗೆಯೇ ಇದೆ, ಅದಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ಬಾಡಿಗೆ ಬೀಳುತ್ತಲೇ ಇರುತ್ತದೆ. ಡಿಸ್ಕಿನ ನಕಲನ್ನು, ಎಂದರೆ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರೆ ಅದಕ್ಕೂ ಬಾಡಿಗೆ ಇದೆ. ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಕಾಯಂ ಐಪಿ ವಿಳಾಸವನ್ನು ಪಡೆದಿದ್ದರೆ ಯಂತ್ರ ನಿಂತಿದ್ದರೂ ವಿಳಾಸ ನಿಮ್ಮ ಹೆಸರಿನಲ್ಲೇ ಇರುತ್ತದೆ. ಅಮೆಜಾನ್ 2024ರ ಫೆಬ್ರವರಿ 1ರಿಂದ ಐಪಿವಿ4 ಬಗೆಯ ಸಾರ್ವಜನಿಕ ಐಪಿ ವಿಳಾಸಗಳಿಗೆಲ್ಲ ಗಂಟೆಗೆ 0.005 ಡಾಲರ್ ದರ ವಿಧಿಸಿದೆ. ಗಂಟೆಯ ಲೆಕ್ಕದಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ, ತಿಂಗಳಿಗೆ ಮೂರೂವರೆ ಡಾಲರ್ ದಾಟುತ್ತದೆ. ಸಣ್ಣ ದರವನ್ನು ಕಂಡಾಗಲೆಲ್ಲ ಅದನ್ನು ತಿಂಗಳಿನ ಸರಾಸರಿಯಾದ 730 ಗಂಟೆಗಳಿಂದ ಗುಣಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಅಜೂರ್ ಬಳಸುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಯಂತ್ರದ ಒಳಗಿನಿಂದ ಶಟ್‌ಡೌನ್ ಆಜ್ಞೆ ಕೊಟ್ಟರೆ ಅದು ‘ಸ್ಟಾಪ್ಡ್’ ಸ್ಥಿತಿಗೆ ಬರುತ್ತದೆ, ಆದರೆ ನಿಮಗಾಗಿ ಕಾದಿರಿಸಿದ ಯಂತ್ರಾಂಶ ಬಿಡುಗಡೆಯಾಗದಿರುವುದರಿಂದ ಗಣನೆಯ ಶುಲ್ಕವೂ ಮುಂದುವರಿಯುತ್ತದೆ. ಪೋರ್ಟಲ್‌ನಿಂದ ನಿಲ್ಲಿಸಿ, ಸ್ಥಿತಿಯ ಜೊತೆಗೆ ‘ಡೀಅಲೊಕೇಟೆಡ್’ ಎಂಬ ಪದ ಕಾಣಿಸಿಕೊಂಡ ಮೇಲೆಯೇ ಆ ಮೀಟರ್ ನಿಂತಿದೆಯೆಂದು ತಿಳಿಯಬೇಕು. ಅಮೆಜಾನ್‌ನ ಆರ್‌ಡಿಎಸ್ ಡೇಟಾಬೇಸ್‌ನದು ಮತ್ತೊಂದು ಬಗೆ: ಅದನ್ನು ನಿಲ್ಲಿಸಿದರೂ ಏಳು ದಿನಗಳ ನಂತರ ತಾನಾಗಿಯೇ ಮತ್ತೆ ಆರಂಭವಾಗುತ್ತದೆ. ಹಾಗೆಯೇ ಬರುವ ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಒಳಗಿನ ಯಂತ್ರಗಳಿಗೆ ಇಂಟರ್ನೆಟ್ಟಿಗೆ ದಾರಿ ಕೊಡುವ ನ್ಯಾಟ್ ಗೇಟ್‌ವೇಗಳಂಥವು ಅವುಗಳ ಮೂಲಕ ಒಂದು ಬೈಟ್ ಹಾದುಹೋಗದಿದ್ದರೂ ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತವೆ. ಪಾಠದ ನಡುವೆ ಒಂದು ಹೆಜ್ಜೆಯಾಗಿ ಇವನ್ನು ತೆರೆದು ಮರೆಯುವುದು ಬಹಳ ಸುಲಭ.

ಅಭ್ಯಾಸದ ಯಂತ್ರವಾದರೆ ಅದನ್ನು ನಿಲ್ಲಿಸುವುದಲ್ಲ, ಅಳಿಸುವುದೇ ಸರಿಯಾದ ಕ್ರಮ. ಇದನ್ನು ಸುಲಭಗೊಳಿಸುವ ಉಪಾಯಗಳೂ ಇವೆ. ಅಜೂರ್‌ನಲ್ಲಿ ಪ್ರತಿ ಅಭ್ಯಾಸಕ್ಕೂ ಹೊಸ ರಿಸೋರ್ಸ್ ಗ್ರೂಪ್, ಗೂಗಲ್ ಕ್ಲೌಡ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಎಲ್ಲವನ್ನೂ ಅದರೊಳಗೇ ಇಟ್ಟರೆ, ಕೊನೆಗೆ ಆ ಒಂದನ್ನು ಅಳಿಸಿದಾಗ ಒಳಗಿನ ಡಿಸ್ಕ್, ವಿಳಾಸ, ಜಾಲ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅಮೆಜಾನ್‌ನಲ್ಲಿ ಇಷ್ಟು ಸರಳವಾದ ಪೆಟ್ಟಿಗೆ ಇಲ್ಲದಿರುವುದರಿಂದ, ತೆರೆದ ಪ್ರತಿಯೊಂದು ವಸ್ತುವಿಗೂ ಅಭ್ಯಾಸದ ಹೆಸರಿನ ಟ್ಯಾಗ್ ಹಾಕಿ, ಪಟ್ಟಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾನು ಹೊಸತಾಗಿ ಕಲಿಯುತ್ತಿದ್ದಾಗ ಇಂಥ ಪಟ್ಟಿ ಇಟ್ಟಿರಲಿಲ್ಲ. ಯಾವುದಕ್ಕೂ ಜೋಡಿಸದ ಎರಡು ಡಿಸ್ಕ್‌ಗಳಿಗೆ ಹಲವು ತಿಂಗಳು ಹಣ ಕೊಟ್ಟ ಮೇಲೆ, ಬಿಲ್ಲಿನ ಪ್ರತಿ ಸಾಲನ್ನೂ ಓದತೊಡಗಿದೆ.

ಪ್ರಶ್ನೆ: ನಿನ್ನೆ ತೆರೆದ ಸರ್ವರ್ ಇಂದು ಪಟ್ಟಿಯಲ್ಲಿ ಕಾಣುತ್ತಿಲ್ಲ. ಅಳಿಸಿಹೋಯಿತೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಅಮೆಜಾನ್‌ನ ಕನ್ಸೋಲ್‌ನಲ್ಲಿ ಸರ್ವರ್‌ಗಳ ಪಟ್ಟಿ ಒಂದು ಬಾರಿಗೆ ಒಂದು ರೀಜನ್‌ಗೆ, ಎಂದರೆ ಸಂಸ್ಥೆಯ ಕಂಪ್ಯೂಟರ್ ಕೇಂದ್ರಗಳಿರುವ ಒಂದು ಭೌಗೋಳಿಕ ಪ್ರದೇಶಕ್ಕೆ, ಸೇರಿದ್ದನ್ನು ಮಾತ್ರ ತೋರಿಸುತ್ತದೆ. ಪುಟದ ಮೇಲ್ಭಾಗದಲ್ಲಿರುವ ರೀಜನ್ ಹೆಸರು ಬದಲಾಗಿದೆಯೇ ನೋಡಿ, ನಿನ್ನೆ ಬಳಸಿದ್ದನ್ನು ಆರಿಸಿದರೆ ಸರ್ವರ್ ಕಾಣಿಸುತ್ತದೆ. ಕಾಣದಿದ್ದ ಮಾತ್ರಕ್ಕೆ ಮತ್ತೊಂದು ಸರ್ವರ್ ತೆರೆಯಬೇಡಿ, ಎರಡಕ್ಕೂ ಮೀಟರ್ ಓಡುತ್ತದೆ. ಬಳಕೆದಾರರಿಗೆ ಹತ್ತಿರದ ರೀಜನ್ ಆದರೆ ಉತ್ತರ ಬೇಗ ಬರುತ್ತದೆ. ಆದರೆ ಉಚಿತ ಸೌಲಭ್ಯ ಕೆಲವೊಮ್ಮೆ ರೀಜನ್‌ಗೆ ಕಟ್ಟುಬಿದ್ದಿರುತ್ತದೆ. ಗೂಗಲ್ ಕ್ಲೌಡ್‌ನ ಸದಾ ಉಚಿತವಾದ ಇ2-ಮೈಕ್ರೋ ಯಂತ್ರ ಅಮೆರಿಕದ ಮೂರು ರೀಜನ್‌ಗಳಲ್ಲಿ ಮಾತ್ರ ಲಭ್ಯ.

ಪ್ರಶ್ನೆ: ನನ್ನ ಪ್ರೋಗ್ರಾಮನ್ನು ಸಾರ್ವಜನಿಕ ಕೋಡ್ ಭಂಡಾರಕ್ಕೆ ಏರಿಸಿದಾಗ ಅದರಲ್ಲಿ ಆಕ್ಸೆಸ್ ಕೀ (ಪ್ರೋಗ್ರಾಮ್ ಕ್ಲೌಡ್ ಖಾತೆಯನ್ನು ಬಳಸಲು ಬೇಕಾದ ಗುಪ್ತ ಸಂಕೇತ) ಕೂಡ ಹೋಗಿಬಿಟ್ಟಿತ್ತು. ಹತ್ತು ನಿಮಿಷದಲ್ಲಿ ಆ ಸಾಲನ್ನು ಅಳಿಸಿದ್ದೇನೆ. ಇಷ್ಟು ಸಾಕೇ?

ಉತ್ತರ: ಸಾಲದು. ಕೋಡ್‌ನ ಎಲ್ಲ ಆವೃತ್ತಿಗಳನ್ನೂ ಕಾಪಾಡುವ ಗಿಟ್‌ನಲ್ಲಿ ಅಳಿಸಿದ ಸಾಲು ಹಿಂದಿನ ಆವೃತ್ತಿಗಳ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಇಂಥ ಕೀಗಳನ್ನೇ ಹುಡುಕುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಸಾರ್ವಜನಿಕ ಭಂಡಾರಗಳನ್ನು ಎಡೆಬಿಡದೆ ಜಾಲಾಡುತ್ತಿರುತ್ತವೆ, ಅವುಗಳಿಗೆ ಹತ್ತು ನಿಮಿಷ ಧಾರಾಳವಾದ ಕಾಲಾವಕಾಶ. ಕೀ ಕಳ್ಳರ ಕೈಸೇರಿದೆ ಎಂದೇ ಭಾವಿಸಿ, ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಐಎಎಂ ವಿಭಾಗದಲ್ಲಿ ಆ ಕೀಯನ್ನು ನಿಷ್ಕ್ರಿಯಗೊಳಿಸಿ. ಬಳಿಕ ಪ್ರತಿಯೊಂದು ರೀಜನ್ ಆರಿಸಿ, ನೀವು ತೆರೆಯದ ಯಂತ್ರಗಳೂ ನೀವು ಸೃಷ್ಟಿಸದ ಬಳಕೆದಾರರೂ ಇದ್ದಾರೆಯೇ ಎಂದು ಪರಿಶೀಲಿಸಿ. ಕಳ್ಳರು ಸಾಮಾನ್ಯವಾಗಿ ಖಾತೆಯ ಒಡೆಯರು ಎಂದೂ ತೆರೆದು ನೋಡದ ರೀಜನ್‌ನಲ್ಲೇ ದೊಡ್ಡ ಯಂತ್ರಗಳನ್ನು ಓಡಿಸುತ್ತಾರೆ. ಅಂಥದ್ದು ಕಂಡರೆ ತಕ್ಷಣ ನಿಲ್ಲಿಸಿ, ಸಂಸ್ಥೆಯ ಸಹಾಯ ವಿಭಾಗಕ್ಕೆ ನಡೆದದ್ದನ್ನೆಲ್ಲ ವಿವರವಾಗಿ ಬರೆಯಿರಿ. ಬಿಲ್ ಬರುವವರೆಗೆ ಕಾಯುವುದು ಬೇಡ.

ಮುಂದೆ ಕೀಯನ್ನು ಕೋಡ್‌ನೊಳಗೆ ಬರೆಯುವುದನ್ನೇ ಬಿಡಿ. ಪ್ರೋಗ್ರಾಮ್ ಕ್ಲೌಡ್ ಯಂತ್ರದಲ್ಲೇ ಓಡುವುದಾದರೆ ಆ ಯಂತ್ರಕ್ಕೆ ಒಂದು ರೋಲ್, ಎಂದರೆ ಅನುಮತಿಗಳ ಗುಂಪು, ಕೊಟ್ಟರೆ ಸಾಕು. ತಾತ್ಕಾಲಿಕ ಕೀಗಳು ತಾವಾಗಿ ದೊರೆತು, ಸ್ವಲ್ಪ ಸಮಯದಲ್ಲೇ ಅವಧಿ ಮುಗಿದು ಬದಲಾಗುತ್ತಿರುತ್ತವೆ. ರೂಟ್ ಬಳಕೆದಾರರ ಹೆಸರಿನಲ್ಲಂತೂ ಆಕ್ಸೆಸ್ ಕೀ ಸೃಷ್ಟಿಸಲೇಬೇಡಿ.

ಪ್ರಶ್ನೆ: ಕಲಿಕೆ ಮುಗಿಯಿತು, ಖಾತೆ ಬೇಡವಾಗಿದೆ. ಕಾರ್ಡ್ ವಿವರ ತೆಗೆದುಹಾಕಿದರೆ ಸಾಕಲ್ಲವೇ?

ಉತ್ತರ: ಕಾರ್ಡ್ ತೆಗೆದರೆ ಹಣ ಕೊಡುವ ದಾರಿ ಮುಚ್ಚುತ್ತದೆ, ಬಾಕಿ ಬೆಳೆಯುವ ದಾರಿ ಮುಚ್ಚುವುದಿಲ್ಲ. ಬೇಕಾದ ಕಡತಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ತೆರೆದದ್ದನ್ನೆಲ್ಲ ಎಲ್ಲ ರೀಜನ್‌ಗಳಲ್ಲೂ ಅಳಿಸಿ, ಆಮೇಲೆ ಖಾತೆಯ ಪುಟದಿಂದ ಖಾತೆಯನ್ನೇ ಮುಚ್ಚಿ. ಅಮೆಜಾನ್‌ನಲ್ಲಿ ಮುಚ್ಚಿದ ನಂತರ 90 ದಿನಗಳವರೆಗೆ ಅದನ್ನು ಮತ್ತೆ ತೆರೆಸಿಕೊಳ್ಳಲು ಅವಕಾಶವಿದೆ. ಮುಚ್ಚುವ ದಿನದವರೆಗಿನ ಬಳಕೆಯ ಬಿಲ್ ಮುಂದಿನ ತಿಂಗಳ ಆರಂಭದಲ್ಲಿ ಬರುವುದರಿಂದ, ಆ ಕೊನೆಯ ಬಿಲ್ ಬಂದು ಪಾವತಿಯಾಗುವವರೆಗೆ ಖಾತೆಗೆ ಕೊಟ್ಟ ಇಮೇಲ್ ನೋಡುತ್ತಿರಿ.