ಹಾಡುವವನು ಹೋದ ಮೇಲೆ ಬ್ಯಾಂಡ್ ಉಳಿಯುತ್ತಾ? ಜಾಯ್ ಡಿವಿಷನ್ ನ್ಯೂ ಆರ್ಡರ್ ಆಗಿದ್ದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬಸವನಗುಡಿಯಲ್ಲಿ ನಾಲ್ಕು ಜನರ ಬ್ಯಾಂಡ್, ಹಾಡುತ್ತಿದ್ದವನು ಕೆಲಸ ಸಿಕ್ಕಿ ಊರು ಬಿಟ್ಟ. ಇಂಗ್ಲೆಂಡಿನ ಜಾಯ್ ಡಿವಿಷನ್ ಬ್ಯಾಂಡಿನವರು ಹಾಡುಗಾರನಿಲ್ಲದೆ ನ್ಯೂ ಆರ್ಡರ್ ಕಟ್ಟಿದರಂತಲ್ಲ, ಅದು ಹೇಗಾಯಿತು, ನಾವೂ ಹೊಸಬರನ್ನು ಹುಡುಕಬೇಕಾ ಬೇಡವಾ ಅಂತ.

ಸದ್ಯಕ್ಕೆ ಹುಡುಕಬೇಡಿ. ನ್ಯೂ ಆರ್ಡರ್‌ನವರು ಖಾಲಿಯಾದ ಜಾಗಕ್ಕೆ ಅದೇ ಅಳತೆಯ ಆಳನ್ನು ತಂದು ಕೂರಿಸಲಿಲ್ಲ. ಜಾಗ ಖಾಲಿ ಇದೆ ಅಂತ ಒಪ್ಪಿಕೊಂಡು ಹಾಡು ಕಟ್ಟುವ ರೀತಿಯನ್ನೇ ಬದಲಾಯಿಸಿದರು. ಅವರ ಸದ್ದು ಹುಟ್ಟಿದ್ದು ಅಲ್ಲಿಂದ ಅನ್ನೋದು ನನ್ನ ಅಭಿಪ್ರಾಯ.

ಹಿನ್ನೆಲೆ ಬೇಗ ಮುಗಿಸ್ತೀನಿ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಹೋಗಿದ್ದರು, ಅಲ್ಲಿಂದ ಬಂದು ಬ್ಯಾಂಡ್ ಶುರು ಮಾಡಿದರು. ಮೊದಲ ಹೆಸರು ವಾರ್ಸಾ, 1978ರಿಂದ ಜಾಯ್ ಡಿವಿಷನ್. ಸಮ್ನರ್ ಗಿಟಾರ್, ಹುಕ್ ಬೇಸ್, ಸ್ಟೀಫನ್ ಮಾರಿಸ್ ಡ್ರಮ್ಸ್, ಇಯಾನ್ ಕರ್ಟಿಸ್ ಹಾಡು. ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, 1980ರ ಮೇ 18ರಂದು, ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 23. ಯಾರೇ ಒಬ್ಬರು ಹೋದರೂ ಹೆಸರು ಅಲ್ಲಿಗೇ ಬಿಡೋದು ಅಂತ ಅವರ ನಡುವೆ ಮೊದಲೇ ಮಾತಾಗಿತ್ತು, ಹಾಗೇ ಬಿಟ್ಟರು. ಜುಲೈ ಕೊನೆಗೆ ಮ್ಯಾಂಚೆಸ್ಟರಿನ ಬೀಚ್ ಕ್ಲಬ್‌ನಲ್ಲಿ ಮೂವರೇ ವೇದಿಕೆ ಹತ್ತಿದಾಗ ಬ್ಯಾಂಡ್‌ಗೆ ಹೆಸರೂ ಇರಲಿಲ್ಲ, ನ್ಯೂ ಆರ್ಡರ್ ಅನ್ನೋದು ಆಮೇಲೆ ಬಂದದ್ದು.

ಕೈಯಲ್ಲಿ ಉಳಿದಿದ್ದು ಎರಡು ಹಾಡು, 'ಸೆರಿಮನಿ' ಮತ್ತು 'ಇನ್ ಎ ಲೋನ್ಲಿ ಪ್ಲೇಸ್'. ಎರಡೂ ಕರ್ಟಿಸ್ ಇದ್ದಾಗಿನವು. ಸಾಹಿತ್ಯ ಬರೆದ ಹಾಳೆ ಸಿಗಲಿಲ್ಲ. ಇದ್ದ ರೆಕಾರ್ಡಿಂಗ್‌ನಲ್ಲಿ ಮಾತು ವಾದ್ಯಗಳಡಿ ಹೂತುಹೋಗಿತ್ತು. ಅದನ್ನು ಗ್ರಾಫಿಕ್ ಈಕ್ವಲೈಜರ್ ಮೂಲಕ ಹಾಯಿಸಿ, ಧ್ವನಿ ಇರುವ ಪಟ್ಟಿಯನ್ನಷ್ಟೇ ಮೇಲೆತ್ತಿ, ಮತ್ತೆ ಮತ್ತೆ ಕೇಳಿ ಪದ ಹಿಡಿದರು. ಸಿಗದ ಕಡೆ ಊಹೆ. ಈ ಕೆಲಸ ನೀವೂ ಮಾಡಬೇಕಾಗಬಹುದು: ಹೋದವನ ಸಾಲುಗಳು ಫೋನ್ ರೆಕಾರ್ಡಿಂಗ್‌ನಲ್ಲಿ ಮಾತ್ರ ಇದ್ದರೆ 300 ಹರ್ಟ್ಜ್ ಕೆಳಗಿನದನ್ನೂ 4 ಕಿಲೊಹರ್ಟ್ಜ್ ಮೇಲಿನದನ್ನೂ ಕತ್ತರಿಸಿ, 1ರಿಂದ 3 ಕಿಲೊಹರ್ಟ್ಜ್ ಸ್ವಲ್ಪ ಏರಿಸಿ ಕೇಳಿ. ಬೇಸ್, ಸಿಂಬಲ್ ಹಿಂದೆ ಸರಿದು ವ್ಯಂಜನಗಳು ಎದ್ದು ಬರುತ್ತವೆ.

1980ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ವಾದ್ಯಗಳಿದ್ದ ಗಾಡಿಯೇ ಕಳುವಾಯಿತು. ಆದರೂ ಆ ಪ್ರವಾಸದಲ್ಲೇ ಪಕ್ಕದ ನ್ಯೂಜೆರ್ಸಿಯಲ್ಲಿ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಜತೆ ಆ ಎರಡೂ ಹಾಡು ರೆಕಾರ್ಡ್ ಮಾಡಿದರು. ಯಾರು ಹಾಡಬೇಕು ಅನ್ನೋದು ಆಗಿನ್ನೂ ಗಟ್ಟಿಯಾಗಿರಲಿಲ್ಲ, ಮೂವರೂ ಪ್ರಯತ್ನಿಸಿದ್ದರು, ಡ್ರಮ್ಸ್ ಬಾರಿಸುವ ಮಾರಿಸ್ ಕೂಡ. ಕೊನೆಗೆ ಸಮ್ನರ್ ತಲೆಗೆ ಬಂತು. 1981ರ ನವೆಂಬರಿನ ಮೊದಲ ಆಲ್ಬಂ 'ಮೂವ್‌ಮೆಂಟ್'ನಲ್ಲೂ ಎರಡು ಹಾಡು ಹುಕ್ ಧ್ವನಿಯಲ್ಲಿವೆ. ಆ ಆಲ್ಬಂ ನನಗೆ ಅಷ್ಟಾಗಿ ಹಿಡಿಸಲ್ಲ. ಸಮ್ನರ್‌ದು ತೆಳು, ಎತ್ತರದ ಧ್ವನಿ. ಅದರಲ್ಲಿ ಕರ್ಟಿಸ್‌ನ ಆಳದ ಸ್ವರ ಹುಡುಕುತ್ತಾ ಹಾಡಿದ ಹಾಗಿದೆ.

ನಿಮಗೆ ಬೇಕಾದ ವಿಷಯ ಇಲ್ಲಿಂದ. ಸಮ್ನರ್‌ಗೆ ಒಟ್ಟೊಟ್ಟಿಗೆ ಹಾಡೋದು, ಗಿಟಾರ್ ನುಡಿಸೋದು ಆಗುತ್ತಿರಲಿಲ್ಲ. ಹಾಡಿದರೆ ಗಿಟಾರ್ ನಿಲ್ಲಬೇಕು. ಅದಕ್ಕೆ ಅವರ ಹಾಡುಗಳಲ್ಲಿ ಸಾಲು ಮುಗಿದ ಕೂಡಲೇ ಗಿಟಾರ್ ನುಗ್ಗುತ್ತದೆ, ಮುಂದಿನ ಸಾಲಿಗೆ ಹಿಂದೆ ಸರಿಯುತ್ತದೆ. ನಡುವಿನ ತೂತು ಮುಚ್ಚಲು 1980ರ ಅಕ್ಟೋಬರಿನಲ್ಲಿ ಗಿಲಿಯನ್ ಗಿಲ್ಬರ್ಟ್ ಬಂದಳು, ಕೀಬೋರ್ಡ್‌ಗೂ ಗಿಟಾರಿಗೂ. ಹಾಡುಗಾರ ಹೋದ ಜಾಗಕ್ಕೆ ಬಂದದ್ದು ಹಾಡದ ಹುಡುಗಿ, ನೋಡಿ. ಉಳಿದ ಜಾಗವನ್ನು ಹುಕ್‌ನ ಬೇಸ್ ತುಂಬಿತು. ಸಮ್ನರ್‌ನ ಆಂಪ್ ಜೋರು, ಇವನದು ಸಾಧಾರಣ, ಕೆಳಗಿನ ತಂತಿ ನುಡಿಸಿದರೆ ತನಗೇ ಕೇಳುತ್ತಿರಲಿಲ್ಲ. ಅದಕ್ಕೆ ಜಾಯ್ ಡಿವಿಷನ್ ಕಾಲದಲ್ಲೇ ಮೇಲಿನ ಫ್ರೆಟ್‌ಗಳಲ್ಲಿ, ಅಂದರೆ ಸ್ವರ ಎತ್ತರವಾಗುವ ಕಡೆಯ ಮೆಟ್ಟಿಲುಗಳಲ್ಲಿ, ರಾಗ ನುಡಿಸುವ ಅಭ್ಯಾಸವಾಗಿತ್ತು. ನ್ಯೂ ಆರ್ಡರ್‌ನಲ್ಲಿ ಆ ಬೇಸೇ ಅರ್ಧ ಹಾಡುಗಾರ. ಹಾಡು ಮುಗಿದ ಮೇಲೆ ಜನ ಗುನುಗೋದು ಅದನ್ನೇ.

'ಸೆರಿಮನಿ'ಯ ಎರಡು ಆವೃತ್ತಿ ಪಕ್ಕಪಕ್ಕ ಕೇಳಿ. 1981ರ ಮಾರ್ಚ್‌ನದ್ದು ಮೂವರದು. ಅದೇ ವರ್ಷ ಗಿಲ್ಬರ್ಟ್ ಸೇರಿಸಿಕೊಂಡು ಮತ್ತೆ ನುಡಿಸಿದ್ದು ಇನ್ನೊಂದು, 1987ರ 'ಸಬ್‌ಸ್ಟೆನ್ಸ್' ಸಂಗ್ರಹದಲ್ಲಿರೋದು ಅದೇ. ಹಾಡು ಒಂದೇ. ಎರಡನೇದರಲ್ಲಿ ಗಿಟಾರ್ ಎಲ್ಲಿ ಹೆಚ್ಚಾಯಿತು ಅಂತ ಗುರುತು ಹಾಕಿಕೊಳ್ಳಿ.

ಇನ್ನು ಯಂತ್ರ. 'ಬ್ಲೂ ಮಂಡೇ' ಬಂದದ್ದು 1983ರ ಮಾರ್ಚ್ 7. ಓಬರ್‌ಹೈಮ್ ಡಿಎಂಎಕ್ಸ್ ಡ್ರಮ್ ಮಶೀನ್, ಮೂಗ್ ಸೋರ್ಸ್ ಸಿಂಥ್, ಬಿಡಿಭಾಗಗಳ ಕಿಟ್ ತರಿಸಿ ಸಮ್ನರ್ ಕೈಯಾರೆ ಬೆಸುಗೆ ಹಾಕಿದ ಪವರ್‌ಟ್ರಾನ್ ಸೀಕ್ವೆನ್ಸರ್ (ತುಂಬಿಸಿಟ್ಟ ಸ್ವರಗಳನ್ನು ತಾನೇ ನುಡಿಸುವ ಯಂತ್ರ). ಶುರುವಿನ ಕಿಕ್, ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ನಮಗೆ ಅರ್ಥವಾಗೋದು ಸುಲಭ, ಕೊನ್ನಕ್ಕೋಲ್‌ನಲ್ಲಿ (ತಾಳವನ್ನು ಬಾಯಲ್ಲಿ ಹೇಳೋದು) ಹೇಳಿಕೊಳ್ಳಿ. ನಾಲ್ಕು ಎಣಿಕೆ, ಚತುರಶ್ರ ನಡೆ: ತಾಂ, ತಾಂ, ತಕಧಿಮಿ, ತಕಝಣು. ಮೊದಲೆರಡು ಎಣಿಕೆಗೆ ಒಂದೊಂದು ಪೆಟ್ಟು, ಆಮೇಲಿನ ಎರಡಕ್ಕೆ ನಾಲ್ಕು ನಾಲ್ಕು. ನಿಮಿಷಕ್ಕೆ ಸುಮಾರು 130 ಎಣಿಕೆಯ ವೇಗದಲ್ಲಿ ಆ ಎಂಟು ಪೆಟ್ಟುಗಳ ನಡುವೆ 115 ಮಿಲಿಸೆಕೆಂಡ್ ಅಂತರ. ಒಂದೇ ಕಾಲಲ್ಲಿ ಏಳೂವರೆ ನಿಮಿಷ ಸಮವಾಗಿ ತುಳಿಯೋದು ಯಾರಿಗೂ ಸುಖವಲ್ಲ. ಮಶೀನ್‌ಗೆ ಏನೂ ಅನ್ನಿಸಲ್ಲ.

ವಾದ್ಯಯಂತ್ರಗಳು ಒಂದರ ಜತೆ ಒಂದು ಮಾತಾಡಲು ಈಗ ಬಳಸುವ ಮಿಡಿ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಎರಡು ಯಂತ್ರ ಒಂದೇ ತಾಳಕ್ಕೆ ಓಡಬೇಕಾದರೆ ಮಧ್ಯೆ ಬೇರೆ ಸರ್ಕ್ಯೂಟ್ ಕಟ್ಟಬೇಕಿತ್ತು. ಗಿಲ್ಬರ್ಟ್ ಪ್ರತಿ ಸ್ವರವನ್ನೂ ಉದ್ದನೆಯ ಹಾಳೆಯಲ್ಲಿ ಬರೆದಿಟ್ಟು ಒಂದೊಂದೇ ಹೆಜ್ಜೆ ತುಂಬಿಸಿದಳು. ಒಂದು ಕಡೆ ಒಂದು ಸ್ವರ ಬಿಟ್ಟುಹೋಯಿತು, ರಾಗ ತಾಳದಿಂದ ಚೂರು ಜಾರಿತು. ಕೇಳಿ ಚೆನ್ನಾಗಿದೆ ಅನ್ನಿಸಿತು, ಹಾಗೇ ಬಿಟ್ಟರು. ಡ್ರಮ್ ಪ್ರೋಗ್ರಾಂ ಮುಗಿದ ಮೇಲೆ ಯಾರದೋ ಕಾಲು ತಾಗಿ ವೈರ್ ಕಿತ್ತು ಎಲ್ಲ ಅಳಿಸಿಹೋಗಿ ಮತ್ತೆ ಮಾಡಬೇಕಾಯಿತು ಅಂತಲೂ ಅವರೇ ಹೇಳಿಕೊಂಡಿದ್ದಾರೆ.

ದುಡ್ಡಿನ ಕಥೆ ಬೇರೆ. ಫ್ಲಾಪಿ ಡಿಸ್ಕ್ ಥರದ ಕತ್ತರಿಸಿದ ಕವರ್‌ಗೆ ಎಷ್ಟು ಖರ್ಚಾಯಿತೆಂದರೆ ಮೊದಲ ಮುದ್ರಣದಲ್ಲಿ ಮಾರಿದ ಪ್ರತಿಯೊಂದಕ್ಕೂ ಕೈಯಿಂದ ಹೋಯಿತು ಅನ್ನೋ ಮಾತಿದೆ, ಮೊತ್ತ ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಅದೇ. ಬಂದ ದುಡ್ಡು 1982ರ ಮೇನಲ್ಲಿ ಅವರ ರೆಕಾರ್ಡ್ ಕಂಪನಿ ಫ್ಯಾಕ್ಟರಿ ಜತೆ ತೆರೆದ ಹಸಿಯೆಂಡಾ ಕ್ಲಬ್‌ನ ಹೊಟ್ಟೆಗೆ ಹೋಯಿತು. 1992ರಲ್ಲಿ ಫ್ಯಾಕ್ಟರಿ ಮುಳುಗಿತು, 1997ರಲ್ಲಿ ಕ್ಲಬ್ ಮುಚ್ಚಿತು, 2007ರಲ್ಲಿ ಹುಕ್ ಹೊರಬಿದ್ದ. ಹೆಸರಿನ ಹಣಕ್ಕಾಗಿ ನಡೆದ ವ್ಯಾಜ್ಯ ಇತ್ಯರ್ಥವಾಗಿದ್ದು 2017ರಲ್ಲಿ. ನಿಮ್ಮ ಬ್ಯಾಂಡ್ ಹೆಸರು ಯಾರದು, ಹಾಡುಗಳು ಯಾರವು ಅಂತ ಊರು ಬಿಟ್ಟ ಗೆಳೆಯನ ಜತೆ ಈಗಲೇ, ಸಂಬಂಧ ಚೆನ್ನಾಗಿರುವಾಗಲೇ, ಒಂದು ಮೇಲ್‌ನಲ್ಲಿ ಬರೆದುಕೊಳ್ಳಿ.

ಇನ್ನು ನಿಮ್ಮ ಮೂವರ ಕೆಲಸ. ಒಂದೇ ಹಾಡನ್ನು ಮೂವರೂ ಬೇರೆ ಬೇರೆಯಾಗಿ ಹಾಡಿ, ರೆಕಾರ್ಡ್ ಮಾಡಿ, ಎರಡು ದಿನ ಬಿಟ್ಟು ಕೇಳಿ. ಹಳೆಯ ಸ್ಕೇಲ್‌ನಲ್ಲೇ ಹಾಡಿಸಿದರೆ ಮೂವರೂ ಕೆಟ್ಟದಾಗೇ ಕೇಳಿಸುತ್ತಾರೆ, ಅದು ಹೋದವನ ಗಂಟಲಿಗೆ ಹೊಲಿಸಿದ ಅಂಗಿ. ಒಬ್ಬೊಬ್ಬರಿಗೆ ಎರಡರಿಂದ ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಮೇಲೆ ಕೆಳಗೆ ಮಾಡಿ ನೋಡಿ. ಇ ಯಲ್ಲಿದ್ದ ಹಾಡು ಜಿ ಗೆ ಏರಿದರೆ ಗಿಟಾರಿಗೆ ಮೂರನೇ ಫ್ರೆಟ್‌ನಲ್ಲಿ ಕ್ಯಾಪೊ (ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಮುಗಿಯಿತು. ಬೇಸ್‌ಗೆ ಹಾಗಾಗಲ್ಲ, ಖಾಲಿ ಇ ತಂತಿಯ ಗುಂಯ್ ಕೈತಪ್ಪುತ್ತದೆ, ಆ ಸಾಲನ್ನು ಹೊಸದಾಗಿ ಕಟ್ಟಬೇಕು. ಕಟ್ಟುವಾಗ ಮೇಲಿನ ಫ್ರೆಟ್‌ಗಳನ್ನೂ ನೋಡಿ. ಕನ್ನಡದಲ್ಲಿ ಹಾಡೋದಾದರೆ ಒಂದು ಅನುಕೂಲ: ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಸಾಲಿನ ಕೊನೆಯನ್ನು ಎಳೆಯಲು ತಿಣುಕಬೇಕಿಲ್ಲ.

ನಾಲ್ಕನೆಯವರ ಬದಲು ಲ್ಯಾಪ್‌ಟಾಪ್ ಟ್ರ್ಯಾಕ್ ಓಡಿಸೋದಾದರೆ ಎಡ ಚಾನೆಲ್‌ಗೆ ಟ್ರ್ಯಾಕ್, ಬಲಕ್ಕೆ ಡ್ರಮ್ಮರ್‌ಗೆ ಮಾತ್ರ ಕೇಳುವ ಕ್ಲಿಕ್, ಅಂದರೆ ತಾಳ ಹಿಡಿಯುವ ಟಿಕ್ ಟಿಕ್ ಸದ್ದು. 3.5 ಎಂಎಂ ಸ್ಟೀರಿಯೊದಿಂದ ಎರಡು ಮೋನೊ ಪಿನ್‌ಗೆ ಒಡೆಯುವ ವೈ ಕೇಬಲ್ ತನ್ನಿ, ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಕೈಗೆ ಸಿಕ್ಕ ಸ್ಟೀರಿಯೊ ಕೇಬಲನ್ನೇ ಮಿಕ್ಸರ್‌ನ ಒಂದೇ ತೂತಿಗೆ ಚುಚ್ಚಿದರೆ ಎರಡು ಚಾನೆಲ್‌ಗಳೂ ಒಟ್ಟಿಗೇ ಸೇರಿ ಸ್ಪೀಕರ್‌ನಲ್ಲಿ ಜನರಿಗೆಲ್ಲ ಟಿಕ್ ಟಿಕ್ ಕೇಳಿಸುತ್ತದೆ. ಚಾರ್ಜರ್ ಸಿಕ್ಕಿಸಿದಾಗ ಗುಂಯ್ ಅಂದರೆ ಅದನ್ನು ತೆಗೆದು ಬ್ಯಾಟರಿ ಮೇಲೆ ಓಡಿಸಿ. ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಕೆಲವು ಸೆಕೆಂಡ್‌ಗಳಲ್ಲಿ ಲ್ಯಾಪ್‌ಟಾಪ್ ಬದುಕುತ್ತದೆ, ಅಡಾಪ್ಟರ್ ಮೇಲಿರುವ ಕೀಬೋರ್ಡ್ ಮತ್ತು ಆಡಿಯೊ ಇಂಟರ್‌ಫೇಸ್ ಸಾಯುತ್ತವೆ. ಅವೆರಡನ್ನು ಮನೆಯ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕಿ. ಆಂಪ್‌ಗಳನ್ನು ಅದಕ್ಕೆ ಹಾಕಬೇಡಿ, ಅಷ್ಟು ಭಾರ ಅದು ತಡೆಯಲ್ಲ.