ಓದುಗರ ಪ್ರಶ್ನೆ: ಕಂಬದ ಸ್ಟಿಕ್ಕರ್ ಕಿತ್ತರೆ ಸಾಕೇ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ವಿದ್ಯುತ್ ಕಂಬ, ಬಸ್ ತಂಗುದಾಣ, ರಸ್ತೆಯ ಹೆಸರಿನ ಫಲಕ ಯಾವುದನ್ನೂ ಬಿಡದೆ ಪಿ.ಜಿ., ಸುಲಭ ಸಾಲ, ಮನೆಯಿಂದಲೇ ಕೆಲಸ ಮುಂತಾದ ಸ್ಟಿಕ್ಕರ್‌ಗಳನ್ನು ಅಂಟಿಸುತ್ತಿದ್ದಾರೆ. ನಾವು ಕೆಲವರು ಸೇರಿ ಕಿತ್ತರೂ ಮತ್ತೆ ಬರುತ್ತವೆ. ವಿದೇಶಗಳಲ್ಲಿ ಇದು ಕಲೆ ಎನಿಸಿಕೊಳ್ಳುತ್ತದೆ ಎಂದು ನನ್ನ ಮೊಮ್ಮಗ ವಾದಿಸುತ್ತಾನೆ. ಇದು ಅಪರಾಧವೇ? ಕೀಳುವ ಸರಿಯಾದ ಕ್ರಮ ಯಾವುದು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಸ್ಸಂದೇಹವಾಗಿ ಅಪರಾಧ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯು ಮೈಸೂರೂ ಸೇರಿದಂತೆ ರಾಜ್ಯದ ದೊಡ್ಡ ನಗರಗಳಿಗೆ ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಅಂಟಿಸಿದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ಅದು ವಿಧಿಸುತ್ತದೆ. ಇಂದಿನ ಬೆಲೆಗಳ ಮುಂದೆ ಆ ದಂಡ ತೀರಾ ಕಡಿಮೆಯಾಯಿತೆಂಬುದು ನನ್ನ ಅಭಿಪ್ರಾಯ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮುಖ್ಯ ಮಾತಿದೆ: ಜಾಹೀರಾತು ಯಾರ ಲಾಭಕ್ಕಾಗಿದೆಯೋ ಅವರು, ತಮ್ಮ ಅರಿವಿಗೆ ಬಾರದೆ ಅಥವಾ ಒಪ್ಪಿಗೆಯಿಲ್ಲದೆ ಅದು ನಡೆಯಿತೆಂದು ಸಾಬೀತುಪಡಿಸದಿದ್ದರೆ, ಅವರೂ ತಪ್ಪಿತಸ್ಥರೇ. ರಾತ್ರಿ ಹೊತ್ತು ಕೂಲಿಗಾಗಿ ಅಂಟಿಸಿ ಹೋಗುವ ಹುಡುಗನನ್ನು ಹಿಡಿಯುವುದಕ್ಕಿಂತ, ಸ್ಟಿಕ್ಕರಿನ ಮೇಲೆಯೇ ದೂರವಾಣಿ ಸಂಖ್ಯೆಯನ್ನು ಅಚ್ಚು ಹಾಕಿಸಿರುವವರನ್ನು ಹಿಡಿಯುವುದು ಸುಲಭವೂ ಹೌದು, ನ್ಯಾಯವೂ ಹೌದು.

ಆದ್ದರಿಂದ ಕೀಳುವ ಮೊದಲು ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಒಂದು ಚಿತ್ರ, ಕಂಬವೂ ಸುತ್ತಲಿನ ಜಾಗವೂ ಕಾಣುವಂತೆ ಇನ್ನೊಂದು ಚಿತ್ರ ತೆಗೆದುಕೊಳ್ಳಿ, ದಿನಾಂಕ ಬರೆದಿಟ್ಟುಕೊಳ್ಳಿ. ಬರ್ಲಿನ್‌ನ ನಿವೃತ್ತ ಶಿಕ್ಷಕಿ ಇರ್ಮೆಲಾ ಮೆನ್ಸಾ-ಶ್ರಾಮ್ 1986ರಿಂದ ಬೀದಿಗಳಲ್ಲಿ ನಾಜಿ ಮತ್ತು ಜನಾಂಗದ್ವೇಷದ ಸ್ಟಿಕ್ಕರ್‌ಗಳನ್ನು ಕೆರೆದು ತೆಗೆಯುತ್ತ ಬಂದಿದ್ದಾರೆ. ಅವರು ಅವುಗಳನ್ನು ಎಸೆಯದೆ ಸಂಗ್ರಹಿಸಿಟ್ಟು, ಪ್ರದರ್ಶನಗಳಲ್ಲಿ ಜನರ ಮುಂದಿಟ್ಟಿದ್ದಾರೆ. ಕಿತ್ತೆಸೆದಿದ್ದರೆ ಮರೆತುಹೋಗುತ್ತಿದ್ದ ಆ ಕಾಗದಗಳು ಹಾಗೆ ಸಾಕ್ಷ್ಯವಾಗಿ ಉಳಿದವು. ನೀವೂ ಒಂದೇ ಸಂಖ್ಯೆಯ ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ಪಾಲಿಕೆಯ ವಲಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರೆ, ನಿಮ್ಮ ಶ್ರಮ ಪ್ರತಿ ವಾರ ನೀರಿನಲ್ಲಿ ಹೋಮ ಮಾಡಿದಂತಾಗದು.

ನಿಮ್ಮ ಮೊಮ್ಮಗನ ವಾದದಲ್ಲಿ ಹುರುಳಿದೆ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದ ಶೆಪರ್ಡ್ ಫೇರಿ 1989ರಲ್ಲಿ ಕುಸ್ತಿಪಟು ಆಂದ್ರೆ ದಿ ಜೈಂಟ್‌ನ ಮುಖವುಳ್ಳ ಸ್ಟಿಕ್ಕರ್ ಮಾಡಿದರು. ಅದರಲ್ಲಿ ಮಾರಾಟಕ್ಕೆ ಯಾವ ಸರಕೂ ಇರಲಿಲ್ಲ. ಇದೇನೆಂದು ದಾರಿಹೋಕರು ನಿಂತು ಯೋಚಿಸಬೇಕೆಂಬುದೇ ಉದ್ದೇಶವಾಗಿತ್ತು. ಅದು ಊರೂರಿಗೆ ಹರಡಿತು. ಆದರೂ 2009ರಲ್ಲಿ ಬಾಸ್ಟನ್‌ನ ಸಮಕಾಲೀನ ಕಲಾ ಸಂಸ್ಥೆಯಲ್ಲಿ ತಮ್ಮ ಪ್ರದರ್ಶನ ನಡೆಯಲಿದ್ದಾಗಲೇ, ಆಸ್ತಿ ವಿರೂಪಗೊಳಿಸಿದ ಆರೋಪದ ಮೇಲೆ ಆ ನಗರದ ಪೊಲೀಸರು ಅವರನ್ನು ಬಂಧಿಸಿದರು. ಮುಂದೆ ಅವರು ತಪ್ಪೊಪ್ಪಿಕೊಂಡರು. ಕಲೆಯೆಂದು ಮೆಚ್ಚುವುದೂ ಅಪರಾಧವೆಂದು ದಂಡಿಸುವುದೂ ಒಂದೇ ಊರಿನಲ್ಲಿ ಒಟ್ಟಿಗೆ ನಡೆಯುತ್ತವೆ. ಸಾಲದ ಸ್ಟಿಕ್ಕರ್‌ಗಂತೂ ಕಲೆಯ ಆಸರೆಯೂ ಇಲ್ಲ. ಅದು ರಸ್ತೆಯ ಹೆಸರನ್ನೋ ತಿರುವಿನ ಎಚ್ಚರಿಕೆಯನ್ನೋ ಮುಚ್ಚಿದಾಗ, ಹೊಸಬರಿಗೆ ದಾರಿ ತಪ್ಪುತ್ತದೆ, ವಾಹನ ಸವಾರರಿಗೆ ಅಪಾಯ ಒದಗುತ್ತದೆ.

ಇನ್ನು ಕೀಳುವ ವಿಧಾನ. ಮೈದಾ ಅಂಟಿನಿಂದ ಹಚ್ಚಿದ ಭಿತ್ತಿಪತ್ರ ಬಿಸಿನೀರಿನಲ್ಲಿ ನೆನೆದರೆ ಸುಲಭವಾಗಿ ಬರುತ್ತದೆ. ಸ್ಟಿಕ್ಕರಿನ ಅಂಟು ಬೇರೆ ಬಗೆಯದು: ಒತ್ತಿದಾಗ ದ್ರವದಂತೆ ಹರಿದು ಮೇಲ್ಮೈಯ ಸೂಕ್ಷ್ಮ ತಗ್ಗುಗಳನ್ನು ತುಂಬುತ್ತದೆ, ಎಳೆದಾಗ ಘನವಸ್ತುವಿನಂತೆ ತಡೆಯುತ್ತದೆ. ಬಿಸಿಲಿಗೆ ಹಳತಾದಂತೆ ಮೇಲಿನ ಹಾಳೆ ಪುಡಿಪುಡಿಯಾಗುವುದರಿಂದ ಹೊಸದಿರುವಾಗಲೇ ತೆಗೆಯುವುದು ಒಳ್ಳೆಯದು. ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಿರಿ. ಉಳಿದ ಅಂಟಿಗೆ ನೀಲಗಿರಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಉಜ್ಜಿ, ಸೋಪಿನ ನೀರಿನಿಂದ ಒರೆಸಿ. ಥಿನ್ನರ್ ಬೇಡ, ಫಲಕದ ಬಣ್ಣವನ್ನೂ ಅದು ಎತ್ತುತ್ತದೆ. ಈ ಕ್ರಮವೆಲ್ಲ ತಂಗುದಾಣ ಮತ್ತು ಫಲಕಗಳಿಗೆ ಮಾತ್ರ. ವಿದ್ಯುತ್ ಕಂಬ ಮತ್ತು ಪೆಟ್ಟಿಗೆಗಳನ್ನು ದಯವಿಟ್ಟು ಮುಟ್ಟಬೇಡಿ, ನೀರನ್ನಂತೂ ಹಾಕಲೇಬೇಡಿ. ಕಂಬಕ್ಕೆ ವಿದ್ಯುತ್ ಸೋರುತ್ತಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಚಿತ್ರ ತೆಗೆದು ವಿದ್ಯುತ್ ಕಂಪನಿಗೆ ಬರೆಯುವುದಷ್ಟೇ ನಿಮ್ಮ ಕೆಲಸವಾಗಲಿ.

ಪ್ರಶ್ನೆ: ನಾನು ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದೊಡ್ಡ ಜಾಹೀರಾತಿಗೆ ಹಣವಿಲ್ಲ. ಎರಡು ಬೀದಿಗಳ ಕಂಬಗಳಿಗೆ ಚಿಕ್ಕ ಸ್ಟಿಕ್ಕರ್ ಅಂಟಿಸಿದರೆ ತಪ್ಪೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಅಗತ್ಯ ನ್ಯಾಯವಾದದ್ದು, ಆದರೆ ಅನುಮತಿಯಿಲ್ಲದೆ ಅಂಟಿಸಿದರೆ ಚಿಕ್ಕ ಸ್ಟಿಕ್ಕರಿಗೂ ಕಾಯ್ದೆ ಅನ್ವಯಿಸುತ್ತದೆ. ಕಿರಾಣಿ ಅಂಗಡಿಯ ಒಳಗೆ, ಪುಸ್ತಕದಂಗಡಿಯಲ್ಲಿ, ಅಪಾರ್ಟ್‌ಮೆಂಟಿನ ಸೂಚನಾ ಫಲಕದಲ್ಲಿ ಮಾಲೀಕರನ್ನು ಕೇಳಿ ಒಂದು ಚೀಟಿ ಹಾಕಿ. ಮಕ್ಕಳ ತಂದೆತಾಯಂದಿರು ಓಡಾಡುವುದೂ ಅಲ್ಲಿಯೇ. ವಾರ್ಡಿಗೊಂದು ಉಚಿತ ಸೂಚನಾ ಫಲಕ ಬೇಕೆಂದು ಪಾಲಿಕೆಗೆ ಮನವಿಯನ್ನೂ ಕೊಡಿ. ನಿಮ್ಮಂಥವರಿಗೆ ಅಂಥದೊಂದು ಜಾಗವನ್ನು ಒದಗಿಸಬೇಕಾದದ್ದು ನಗರಾಡಳಿತದ ಹೊಣೆ ಎಂದೇ ನಾನು ನಂಬುತ್ತೇನೆ.