ಶಿಕ್ಷಣ ನೀತಿ ಯಾವ ಬಾಗಿಲಿಂದ ಕ್ಲಾಸಿಗೆ ಬರುತ್ತದೆ?

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಓದುಗರೊಬ್ಬರ ಪತ್ರ: "ನಾನು ಕೆಲಸಕ್ಕೆ ಸೇರಿದ ಮೇಲೆ ಶಾಲೆಯಲ್ಲಿ ಏನು, ಹೇಗೆ ಕಲಿಸಬೇಕು ಎಂದು ಹೇಳುವ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಎರಡು ಸಲ ಬದಲಾಯಿತು. ತರಬೇತಿಗೆ ಹೋದೆ, ಫೈಲ್ ತಂದೆ, ಬೀರುವಿನಲ್ಲಿಟ್ಟೆ. ಕ್ಲಾಸಿನಲ್ಲಿ ಮಾತ್ರ ಅದೇ ಪೋರ್ಶನ್, ಅದೇ ಬಾಯಿಪಾಠ. ಈ ನೀತಿಗಳಿಂದ ಏನಾದರೂ ಆಗುತ್ತಾ? ಸುಮ್ನೆ ಎಲ್ಲವನ್ನೂ ಮೇಷ್ಟ್ರಿಗೇ ಬಿಟ್ಟುಬಿಡಬಾರದಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಬೀರು ನಮಗೂ ಗೊತ್ತು. ಆದರೂ ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಉತ್ತರ, "ಆಗುತ್ತೆ, ನಾವಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಗುತ್ತೆ." ನೀತಿ ತರಬೇತಿಯ ಫೈಲಿನೊಳಗೆ ಕೂತು ಶಾಲೆಗೆ ಬರುವುದು ಅಪರೂಪ. ಅದರ ಬಾಗಿಲು ಬೇರೆ.

ಚೌಕಟ್ಟನ್ನು ಮೊದಲಿಂದ ಕೊನೆಯವರೆಗೆ ಓದಿದ ಶಿಕ್ಷಕರು ಕಡಿಮೆ. (ಓದಿಸಿಕೊಂಡು ಹೋಗುವಂತೆ ಅದನ್ನು ಬರೆಯುವವರೂ ಕಡಿಮೆಯೇ.) ದಿನಾ ಕೈಯಲ್ಲಿರುವುದು ಪಠ್ಯಪುಸ್ತಕ, ತಲೆಯಲ್ಲಿರುವುದು ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್. ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂದು ಅದು ಹೇಳುತ್ತದೆ. ಯಾವ ಪಾಠಕ್ಕೆ ನಾಲ್ಕು ಪೀರಿಯಡ್, ಯಾವುದಕ್ಕೆ ಅರ್ಧ ಅನ್ನುವುದು ಅಲ್ಲಿಗೇ ತೀರ್ಮಾನವಾಯಿತು, ಅಲ್ವಾ?

ಇದು ನಮ್ಮೊಬ್ಬರ ಕಥೆಯಲ್ಲ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಮೂರೂ ಮುಖ್ಯ ವಿಷಯಗಳು. 11 ವರ್ಷದ ಮಕ್ಕಳಿಗೆ ಮೂರರಲ್ಲೂ ರಾಷ್ಟ್ರಮಟ್ಟದ ಪರೀಕ್ಷೆ ಇತ್ತು. 2009ರ ನಂತರ ವಿಜ್ಞಾನದ ಪರೀಕ್ಷೆಯನ್ನು ಎಲ್ಲ ಮಕ್ಕಳಿಗೂ ನಡೆಸುವುದನ್ನು ಕೈಬಿಟ್ಟರು. ಪಠ್ಯಕ್ರಮದಲ್ಲಿ ವಿಜ್ಞಾನ ಆಗಲೂ ಮುಖ್ಯ ವಿಷಯವೇ. ಆದರೂ ಎಷ್ಟೋ ಶಾಲೆಗಳಲ್ಲಿ ವಿಜ್ಞಾನದ ಪೀರಿಯಡ್ ಸೊರಗಿತು. ಪರೀಕ್ಷೆ ಇದ್ದಾಗ ಉರು ಹೊಡೆಸುತ್ತಾರೆ ಎಂಬ ದೂರು. ಅದು ಹೋದ ಮೇಲೆ ವಿಷಯವನ್ನೇ ಕೇಳುವವರಿಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ಪಾಟಿಚೀಲದ ತೂಕಕ್ಕಿಂತ ಅರ್ಥವಾಗದೆ ಕಲಿಯುವ ಹೊರೆಯೇ ಮಕ್ಕಳಿಗೆ ಹೆಚ್ಚು ಎಂದು ವಿಜ್ಞಾನಿ ಯಶಪಾಲ್ ಅವರ ಸಮಿತಿ 1993ರಲ್ಲೇ ಹೇಳಿತ್ತು. ಅದೇ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ 2005ರ ಚೌಕಟ್ಟು ಬಂತು. ಬಾಯಿಪಾಠ ಬಿಡಿ, ಪಾಠವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದಿತು. ಪರೀಕ್ಷೆ ಬದಲಾಗದೆ ಇದಾಗದು ಎಂಬುದು ಅದನ್ನು ಬರೆದವರಿಗೂ ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದಿತು. ಸಿಬಿಎಸ್‌ಇ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಐಚ್ಛಿಕ ಮಾಡಿತು.

ಯೋಚನೆ ಒಳ್ಳೆಯದೇ. ಮಗು ದಿನಾ ಹೇಗೆ ಕಲಿಯುತ್ತಿದೆ ಎಂದು ಶಿಕ್ಷಕರು ಗಮನಿಸಬೇಕು, ಎಡವಿದ ಕಡೆ ಕೈಹಿಡಿಯಬೇಕು. ಆದರೆ ಐವತ್ತು ಮಕ್ಕಳ ಕ್ಲಾಸಿಗೆ ಬರುವ ಹೊತ್ತಿಗೆ ಆ ಗಮನ ನಮೂನೆಯಾಗಿಬಿಟ್ಟಿತು. ಎಫ್‌ಎ, ಎಸ್‌ಎ (ಕಲಿಕೆಯ ನಡುನಡುವಿನ ಮೌಲ್ಯಮಾಪನ, ಅವಧಿಯ ಕೊನೆಯ ಮೌಲ್ಯಮಾಪನ) ಅಂತ ಕಾಲಂ ತುಂಬುವುದರಲ್ಲೇ ಸಂಜೆಯಾಯಿತು. ಮಗುವಿನ ಪ್ರಾಜೆಕ್ಟನ್ನು ಅಪ್ಪ ಅಮ್ಮ ಮಾಡಿದರು, ಗುಟ್ಟು ಗೊತ್ತಿದ್ದ ಶಿಕ್ಷಕರು ಅಂಕ ಹಾಕಿದರು. ಕೊನೆಗೆ 2018ರಿಂದ ಸಿಬಿಎಸ್‌ಇಯಲ್ಲಿ ಮತ್ತೆ ಎಲ್ಲರಿಗೂ ಬೋರ್ಡ್ ಪರೀಕ್ಷೆ. ಯೋಚನೆಯೇ ಸೋತಿತು ಎಂದು ಅನೇಕರು ಹೇಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಕ್ಲಾಸು ಚಿಕ್ಕದಾಗಲಿಲ್ಲ, ಶಿಕ್ಷಕರಿಗೆ ಬಿಡುವೂ ಸಿಗಲಿಲ್ಲ, ಆ ಯೋಚನೆಯನ್ನು ಸರಿಯಾಗಿ ಪ್ರಯೋಗ ಮಾಡಿ ನೋಡಿದ್ದೇ ಇಲ್ಲ.

ಹಾಗಾದರೆ ಎಲ್ಲವನ್ನೂ ಮೇಷ್ಟ್ರಿಗೇ ಬಿಡೋಣವೇ? ಇಲ್ಲಿ ನಾವು ನಿಮ್ಮ ಜೊತೆಗಿಲ್ಲ. 1988ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಪಠ್ಯಕ್ರಮ ಇರಲಿಲ್ಲ. ಏನು ಕಲಿಸಬೇಕೆಂಬುದು ಹೆಚ್ಚುಕಡಿಮೆ ಶಾಲೆಗೆ ಬಿಟ್ಟದ್ದು. ಆಗ ಬಹಳಷ್ಟು ಹುಡುಗಿಯರು 14ರ ವಯಸ್ಸಿಗೇ ಭೌತಶಾಸ್ತ್ರ ಬಿಟ್ಟುಬಿಡುತ್ತಿದ್ದರು. 16 ವರ್ಷದವರೆಗೆ ಎಲ್ಲರೂ ವಿಜ್ಞಾನ ಕಲಿಯಲೇಬೇಕು ಎಂದು ಬಂದಿದ್ದು ರಾಷ್ಟ್ರೀಯ ಪಠ್ಯಕ್ರಮದಿಂದ. ನಿಮ್ಮಂಥ ಒಳ್ಳೆಯ ಮೇಷ್ಟ್ರು ಸಿಗದ ಮಗುವಿಗೂ ಇಷ್ಟು ಸಿಗಲೇಬೇಕು ಎಂಬ ಖಾತ್ರಿ ಅದು.

ಫಿನ್‌ಲ್ಯಾಂಡ್ ನೋಡಿ ಅನ್ನುತ್ತೀರೇನೋ. ಅಲ್ಲೂ ರಾಷ್ಟ್ರೀಯ ಪಠ್ಯಕ್ರಮ ಇದೆ. ಪ್ರೌಢ ಶಿಕ್ಷಣದ ಕೊನೆಯವರೆಗೆ ರಾಷ್ಟ್ರಮಟ್ಟದ ದೊಡ್ಡ ಪರೀಕ್ಷೆ ಇಲ್ಲ, ಶಾಲಾ ತಪಾಸಣೆಯನ್ನೂ 1990ರ ದಶಕದ ಆರಂಭದಲ್ಲೇ ತೆಗೆದರು. ಆದರೆ ಪ್ರಾಥಮಿಕ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ಭಾಷಣಗಳಲ್ಲಿ ಈ ಕೊನೆಯ ಸಾಲು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

2023ರ ನಮ್ಮ ಹೊಸ ಚೌಕಟ್ಟು ವರ್ಷಕ್ಕೆ ಎರಡು ಸಲ ಬೋರ್ಡ್ ಪರೀಕ್ಷೆ ಬರೆಯುವ ಅವಕಾಶ ಇರಲಿ ಎನ್ನುತ್ತದೆ. ಭಯ ಸ್ವಲ್ಪ ಇಳಿಯಬಹುದು. ಆದರೆ "ದ್ಯುತಿಸಂಶ್ಲೇಷಣೆ ಎಂದರೇನು?" ಎಂದು ಎರಡು ಸಲ ಕೇಳಿದರೆ ಮಕ್ಕಳು ಎರಡು ಸಲ ಉರು ಹೊಡೆಯುತ್ತಾರೆ. "ಒಂದು ಗಿಡವನ್ನು ವಾರವಿಡೀ ಕತ್ತಲಲ್ಲಿಟ್ಟರೆ ಎಲೆ ಏನಾಗುತ್ತದೆ, ಯಾಕೆ?" ಎಂದು ಕೇಳಿ ನೋಡಿ. ಮುಂದಿನ ವರ್ಷ ಆ ಪಾಠವನ್ನು ನೀವೇ ಬೇರೆ ಥರ ಮಾಡುತ್ತೀರಿ.

ಬೋರ್ಡಿನ ಪತ್ರಿಕೆ ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆವು. ಕಿರುಪರೀಕ್ಷೆಯದ್ದು ನಿಮ್ಮದೇ ತಾನೇ? ಕಳೆದ ಸಲ ತೆಗೆದ ಪತ್ರಿಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ನೋಡೋಣ. ನಿಮ್ಮ ಹೆಸರು ಹಾಕುವುದಿಲ್ಲ.